ಮನೆಮಾತಿನಲ್ಲಿ ಹೇಳಲಾಗದ ರೋಗ

(ಹೈದರಾಬಾದಿನಲ್ಲಿ ನಡೆದ ಸಂಘದ ಯುವಜನ ಸಮಾವೇಶದಲ್ಲಿ ಮಾಡಿದ ಭಾಷಣದ ಪಠ್ಯ)



ಈ ವೇದಿಕೆ ನನಗೆ ಹೊಸದಲ್ಲ. ಹಿಂದಿನ ವರ್ಷಗಳಲ್ಲಿ ಇಲ್ಲಿಂದ ಹೈದರಾಬಾದ್ ಸಂಸ್ಥಾನದ ಕನ್ನಡಿಗರ ಬಗ್ಗೆ, ಏಕೀಕರಣದ ಬಗ್ಗೆ, ಹೊರನಾಡ ಮಕ್ಕಳ ಕನ್ನಡ ಕಲಿಕೆಯ ಬಗ್ಗೆ ಮಾತನಾಡಿದ್ದೇನೆ. ಈ ಸಲ ಕಾರ್ಯದರ್ಶಿಗಳು ವಿಷಯ ಕೇಳಿದಾಗ, "ತರುಣರಲ್ಲಿ ಲೈಂಗಿಕ ಸಂಪರ್ಕದಿಂದ ಹರಡುವ ರೋಗಗಳು" ಎಂದೆ. ಫೋನಿನ ಆ ಕಡೆ ಒಂದು ಕ್ಷಣ ಸದ್ದಿಲ್ಲ. ಬಳಿಕ ಅವರು ಬಹಳ ಸೌಜನ್ಯದಿಂದ, "ಸರ್, ಸಭೆಗೆ ಹೆಣ್ಣುಮಕ್ಕಳೂ ಬರ್ತಾರೆ" ಎಂದರು. "ಅದಕ್ಕಾಗಿಯೇ ಈ ವಿಷಯ" ಎಂದೆ. ಅವರು ಒಪ್ಪಿದರು. ಆದರೆ ಆಮಂತ್ರಣ ಪತ್ರಿಕೆ ಕೈಗೆ ಬಂದಾಗ ಅದರಲ್ಲಿ "ಯುವಜನತೆ ಮತ್ತು ಆರೋಗ್ಯ" ಎಂದು ಅಚ್ಚಾಗಿತ್ತು! ಕಾರ್ಯದರ್ಶಿಗಳನ್ನು ನಾನು ದೂರುತ್ತಿಲ್ಲ. ಅವರ ಸ್ಥಾನದಲ್ಲಿದ್ದರೆ ಹದಿನೈದು ವರ್ಷಗಳ ಹಿಂದೆ ನಾನೂ ಹಾಗೆಯೇ ಅಚ್ಚು ಹಾಕಿಸುತ್ತಿದ್ದೆ. ಹದಿನೈದು ವರ್ಷಗಳಲ್ಲಿ ನಾನೇಕೆ ಬದಲಾದೆ ಎಂಬುದೇ ಇಂದಿನ ನನ್ನ ಮಾತಿನ ತಿರುಳು.

ಮೊದಲೇ ಅರಿಕೆ ಮಾಡಿಕೊಳ್ಳುತ್ತೇನೆ: ನಾನು ವೈದ್ಯನಲ್ಲ. ಅರ್ಥಶಾಸ್ತ್ರ ಓದಿ ಕೇಂದ್ರ ಸರ್ಕಾರದ ಲೆಕ್ಕಪತ್ರಗಳ ನಡುವೆ ಮೂರು ದಶಕ ಕಳೆದವನು. ಆ ವೃತ್ತಿ ನನಗೆ ಕಲಿಸಿದ ಮೊದಲ ಪಾಠವೆಂದರೆ, ಪುಸ್ತಕದಲ್ಲಿ ನಮೂದಾಗದ ಖರ್ಚು ಆಗದೇ ಉಳಿದ ಖರ್ಚಲ್ಲ. ಅದು ಬೇರೊಂದು ಶೀರ್ಷಿಕೆಯಡಿ, ಬೇರೊಂದು ವರ್ಷ, ಬಡ್ಡಿಸಹಿತ ಹೊರಬರುತ್ತದೆ. ನಮ್ಮ ಮನೆಗಳಲ್ಲಿ ನಮೂದಾಗದೇ ಉಳಿದ ಇಂಥ ಒಂದು ಬಾಬ್ತಿನ ಬಗ್ಗೆಯೇ ಈ ಮಾತು.

ಕಾಚಿಗುಡ ನಿಲ್ದಾಣದಿಂದ ರೈಲು ಹೊರಟಾಗ ಹಳಿಗಳ ಅಕ್ಕಪಕ್ಕದ ಗೋಡೆಗಳನ್ನು ನೀವೆಲ್ಲ ನೋಡಿದ್ದೀರಿ. ಸುಣ್ಣದ ಮೇಲೆ ದಪ್ಪ ಅಕ್ಷರಗಳಲ್ಲಿ ಹಿಂದಿಯಲ್ಲಿ 'ಗುಪ್ತ ರೋಗ' ಎಂದಿರುತ್ತದೆ; ಪಕ್ಕದಲ್ಲಿ ತೆಲುಗಿನಲ್ಲಿ 'ಸುಖವ್ಯಾಧುಲು' ಎಂದಿರುತ್ತದೆ. ಯಾವ ಲಾಡ್ಜಿನಲ್ಲಿ ಯಾವ ದಿನ 'ಡಾಕ್ಟರು' ಸಿಗುತ್ತಾರೆ ಎಂಬ ವಿವರವೂ ಇರುತ್ತದೆ. ಈ ಎರಡು ಹೆಸರುಗಳನ್ನು ಒಮ್ಮೆ ಯೋಚಿಸಿ. ಒಂದು ಹೆಸರು, ರೋಗವನ್ನು ಬಚ್ಚಿಡಬೇಕು ಎನ್ನುತ್ತದೆ. ಇನ್ನೊಂದು, ಸುಖ ಪಟ್ಟದ್ದಕ್ಕೆ ಬಂದ ದಂಡ ಎನ್ನುತ್ತದೆ. ಮಲೇರಿಯಾಕ್ಕೂ ಕಾಮಾಲೆಗೂ ನಾವು ಇಂಥ ಹೆಸರಿಡಲಿಲ್ಲ. ಇಲ್ಲಿ ಮಾತ್ರ ಹೆಸರಿನಲ್ಲಿಯೇ ತೀರ್ಪು ಬರೆದಿಟ್ಟಿದ್ದೇವೆ. ತೀರ್ಪು ಮೊದಲೇ ಗೊತ್ತಿರುವಾಗ ಯಾವ ಹುಡುಗ ನ್ಯಾಯಾಲಯದ ಬಾಗಿಲು ತಟ್ಟುತ್ತಾನೆ?

ಹೆಸರಿನ ಈ ಕಥೆ ಹಳೆಯದು. ಹದಿನೈದನೆಯ ಶತಮಾನದ ಕೊನೆಗೆ ಸಿಫಿಲಿಸ್ ಯುರೋಪಿನಲ್ಲಿ ಹಬ್ಬಿದಾಗ ಇಟಲಿಯವರು ಅದನ್ನು ಫ್ರೆಂಚರ ರೋಗವೆಂದರು, ಫ್ರೆಂಚರು ನೇಪಲ್ಸಿನ ರೋಗವೆಂದರು, ರಷ್ಯನ್ನರು ಪೋಲೆಂಡಿನ ರೋಗವೆಂದರು. ಹದಿನಾರನೆಯ ಶತಮಾನದಲ್ಲಿ ಭಾವಮಿಶ್ರನು ತನ್ನ 'ಭಾವಪ್ರಕಾಶ'ದಲ್ಲಿ ಅದನ್ನು 'ಫಿರಂಗ ರೋಗ'ವೆಂದು ವರ್ಣಿಸಿದನು. ನಮ್ಮ ಕನ್ನಡದಲ್ಲಿ ಅದೇ 'ಪರಂಗಿ ಹುಣ್ಣು' ಆಯಿತು. ಮೈಸೂರು ಸೀಮೆಯವರು ಪರಂಗಿ ಹಣ್ಣನ್ನು ಮಾತ್ರ ತಮ್ಮದೆಂದು ಒಪ್ಪಿಕೊಂಡು ಚಪ್ಪರಿಸಿ ತಿಂದರು. ಪರಂಗಿ ಹುಣ್ಣು ಎಂದೆಂದಿಗೂ ಪರರದಾಗಿಯೇ ಉಳಿಯಿತು. 1986ರಲ್ಲಿ ಮದರಾಸಿನಲ್ಲಿ ಭಾರತದ ಮೊದಲ ಎಚ್.ಐ.ವಿ. ಸೋಂಕುಗಳು ಪತ್ತೆಯಾದಾಗಲೂ ಇದೇ ರಾಗ ಕೇಳಿಬಂತು: ಇದು ಪರದೇಶದವರದು, ಲಾರಿ ಚಾಲಕರದು, 'ಅಂಥ' ಹೆಂಗಸರದು, ನಮ್ಮದಂತೂ ಅಲ್ಲ. ರೋಗಾಣುವಿಗೆ ಮಾತ್ರ ಗಡಿಯೂ ಗೊತ್ತಿಲ್ಲ, ಗೋತ್ರವೂ ಗೊತ್ತಿಲ್ಲ.

ಇನ್ನು ನನ್ನದೇ ಮನೆಯ ಸಂಗತಿಗೆ ಬರುತ್ತೇನೆ. ಸಂಬಂಧಪಟ್ಟವನ ಒಪ್ಪಿಗೆ ಪಡೆದೇ ಹೇಳುತ್ತಿದ್ದೇನೆ. ಹೆಸರು ಹೇಳುವುದಿಲ್ಲ, ಊರನ್ನೂ ಹೇಳುವುದಿಲ್ಲ.

ಬಳಗದ ಒಬ್ಬ ಹುಡುಗ 2009ರಲ್ಲಿ ಓದು ಮುಗಿಸಿ ಕಂಪ್ಯೂಟರ್ ತರಬೇತಿಗೆಂದು ಅಮೀರ್‌ಪೇಟೆಗೆ ಬಂದ. ಅಮೀರ್‌ಪೇಟೆಯ ಹಾಸ್ಟೆಲ್ಲುಗಳು ನಿಮಗೆ ಗೊತ್ತು: ಒಂದು ಕೋಣೆಗೆ ನಾಲ್ಕು ಮಂಚ, ನಾಲ್ಕು ಊರು, ನಾಲ್ಕು ಭಾಷೆ. ಪ್ರತಿ ಭಾನುವಾರ ಜೋಳದ ರೊಟ್ಟಿ, ಎಣಗಾಯಿ ಪಲ್ಯದ ಆಸೆಗೆ ನಮ್ಮ ಮನೆಗೆ ಬರುತ್ತಿದ್ದ. ನನ್ನನ್ನು ಮಾಮಾ ಎನ್ನುತ್ತಿದ್ದ. ಒಂದು ಭಾನುವಾರ ಊಟವಾದ ಮೇಲೂ ಅವನು ಏಳಲಿಲ್ಲ. ನಾನು ಪತ್ರಿಕೆ ಓದುತ್ತಿದ್ದೆ. ಬಹಳ ಹೊತ್ತಿನ ಮೇಲೆ, "ಮಾಮಾ, ಒಂದು ಮಾತು ಕೇಳಬೇಕಾಗಿತ್ತು. ನನ್ನ ಗೆಳೆಯಗ ಒಂದು ತ್ರಾಸ ಆಗೇದ..." ಎಂದ. ಅವನ ಮುಖ ನೋಡಿದೊಡನೆ ಯಾವ ತರಹದ ತ್ರಾಸೆಂದು ನನಗೆ ಹೊಳೆಯಿತು. ಹೊಳೆದದ್ದರಿಂದಲೇ ಮಾತನ್ನು ಅಲ್ಲಿಗೇ ಕತ್ತರಿಸಿದೆ. "ಮೊದಲ ಅಂಥ ಗೆಳೆಯರ ಸಹವಾಸ ಬಿಡು. ಓದಿನ ಕಡೆ ಲಕ್ಷ್ಯ ಕೊಡು" ಎಂದೆ. "ಹೂಂ ಮಾಮಾ" ಎಂದು ಎದ್ದು ಹೋದ. ಒಳಗೆ ನನ್ನ ಮಗಳಿದ್ದಳು, ಅವಳ ಕಿವಿಗೆ ಬೀಳದೇ ಹೋಯಿತಲ್ಲ ಎಂದು ನನಗೆ ಸಮಾಧಾನವಾಯಿತು.

ಎರಡು ವರ್ಷಗಳಿಗೂ ಹೆಚ್ಚು ಕಾಲ ಆ ಮಾತು ಮತ್ತೆ ಬರಲಿಲ್ಲ. ಹುಡುಗನಿಗೆ ಕೆಲಸ ಸಿಕ್ಕಿತು. 2012ರಲ್ಲಿ ಅವನು ತನ್ನ ಕಚೇರಿಯವರು ನಡೆಸಿದ ಶಿಬಿರದಲ್ಲಿ ರಕ್ತದಾನ ಮಾಡಿದ. ನಮ್ಮ ದೇಶದಲ್ಲಿ ದಾನವಾಗಿ ಬಂದ ಪ್ರತಿಯೊಂದು ಬಾಟಲಿ ರಕ್ತವನ್ನೂ ಎಚ್.ಐ.ವಿ., ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಸಿಫಿಲಿಸ್ ಮತ್ತು ಮಲೇರಿಯಾಗಳಿಗಾಗಿ ಕಡ್ಡಾಯವಾಗಿ ಪರೀಕ್ಷಿಸುತ್ತಾರೆ. ಕೆಲವು ದಿನಗಳಲ್ಲಿ ರಕ್ತನಿಧಿಯಿಂದ ಕರೆ ಬಂತು. ಆ ರಾತ್ರಿ ಅವನು ನಮ್ಮ ಮನೆಯ ಬಾಗಿಲಲ್ಲಿ ನಿಂತಿದ್ದ. ಅವನಿಗೆ ಸಿಫಿಲಿಸ್ ಇತ್ತು.

ಅಂದು ಅವನು ಹೇಳಿದ ಕಥೆ ಇಷ್ಟು. ಗೆಳೆಯರೊಂದಿಗೆ ಒಮ್ಮೆ ಹೋಗಿದ್ದ. ಮೂರು ವಾರದ ಮೇಲೆ ಒಂದು ಹುಣ್ಣು ಕಾಣಿಸಿತು, ನೋವಿರಲಿಲ್ಲ. ನನ್ನನ್ನು ಕೇಳಲು ಬಂದದ್ದು ಆಗಲೇ. ನನ್ನ ಉಪದೇಶ ಕೇಳಿಸಿಕೊಂಡು ಹೋದವನು ಗೋಡೆಯ ಮೇಲಿನ ವಿಳಾಸ ಹಿಡಿದು ಒಂದು ಲಾಡ್ಜಿನ ಕೋಣೆಗೆ ಹೋದ. ಅಲ್ಲಿದ್ದವನು ಭಸ್ಮದ ಪೊಟ್ಟಣ ಕೊಟ್ಟು, ಕಂತುಕಂತಾಗಿ ಸಾವಿರಾರು ರೂಪಾಯಿ ಕಿತ್ತುಕೊಂಡ. ಹುಣ್ಣು ಮಾಯ್ದಿತು. ಭಸ್ಮದಿಂದಲೇ ವಾಸಿಯಾಯಿತೆಂದು ಹುಡುಗ ನಂಬಿದ.

ಬಂಧುಗಳೇ, ಈ ರೋಗದ ಮೋಸವಿರುವುದು ಇಲ್ಲಿಯೇ. ಸಿಫಿಲಿಸ್‌ನ ಮೊದಲ ಹುಣ್ಣು ಔಷಧ ಕೊಟ್ಟರೂ ಕೊಡದಿದ್ದರೂ ಕೆಲವು ವಾರಗಳಲ್ಲಿ ತಾನೇ ಮಾಯುತ್ತದೆ. ಮುಂದೆ ಮೈಮೇಲೆ ಗಂಧೆಗಳೇಳಬಹುದು. ಅವೂ ತಾವೇ ಹೋಗುತ್ತವೆ. ಆಮೇಲೆ ವರ್ಷಗಟ್ಟಲೆ ಯಾವ ಚಿಹ್ನೆಯೂ ಇಲ್ಲದೆ ರೋಗಾಣು ದೇಹದಲ್ಲಿ ಅಡಗಿರುತ್ತದೆ. ಚಿಕಿತ್ಸೆಯಾಗದಿದ್ದವರಲ್ಲಿ ಕೆಲವರಿಗೆ ಹತ್ತಿಪ್ಪತ್ತು ವರ್ಷಗಳ ನಂತರ ಹೃದಯಕ್ಕೋ ಮೆದುಳಿಗೋ ಪೆಟ್ಟು ಬೀಳುತ್ತದೆ. ಗೋಡೆಯ ಮೇಲಿನ 'ಡಾಕ್ಟರು' ಬದುಕಿರುವುದೇ ತಾನಾಗಿ ಮಾಯುವ ಆ ಹುಣ್ಣಿನ ಮೇಲೆ. ಗ್ರಹಣ ತಾನೇ ಬಿಡುತ್ತದೆ, ದಕ್ಷಿಣೆ ಮಾತ್ರ ಮಂತ್ರ ಹೇಳಿದವನಿಗೆ!

ನಿಜವಾದ ಔಷಧ ಯಾವುದು? ಪೆನಿಸಿಲಿನ್. 1943ರಿಂದಲೂ ಈ ರೋಗಕ್ಕೆ ಬಳಕೆಯಲ್ಲಿರುವ ಅಗ್ಗದ ಔಷಧ. ಆರಂಭದಲ್ಲಿಯೇ ಬಂದಿದ್ದರೆ ಬೆಂಜಥೈನ್ ಪೆನಿಸಿಲಿನ್‌ನ ಒಂದೇ ಚುಚ್ಚುಮದ್ದಿನ ಚಿಕಿತ್ಸೆ ಸಾಕಾಗುತ್ತಿತ್ತು. ಎರಡು ವರ್ಷ ಮೀರಿದ್ದರಿಂದ ಅವನಿಗೆ ವಾರಕ್ಕೊಂದರಂತೆ ಮೂರು ವಾರ ಕೊಟ್ಟರು. ಸರ್ಕಾರಿ ಆಸ್ಪತ್ರೆಯಲ್ಲಿ, ಉಚಿತವಾಗಿ. ಮೂರು ಸಲವೂ ನಾನೇ ಜೊತೆಗೆ ಹೋದೆ. ಅಲ್ಲಿಯ ಆಪ್ತಸಮಾಲೋಚಕಿ ಅವನನ್ನು ಗದರಲಿಲ್ಲ, ಉಪದೇಶಿಸಲಿಲ್ಲ. "ಬಂದದ್ದು ಒಳ್ಳೆಯದಾಯಿತು" ಎಂದಷ್ಟೇ ಹೇಳಿದಳು. ಎರಡೂವರೆ ವರ್ಷ ಹಿಂದೆ ನಾನು ಹೇಳಬೇಕಾಗಿದ್ದ ಮಾತನ್ನು ಯಾರೋ ಅಪರಿಚಿತಳು ಹೇಳಿದ್ದಳು.

ಕಥೆ ಇಲ್ಲಿಗೆ ಮುಗಿದಿದ್ದರೆ ನಾನು ಈ ವೇದಿಕೆಗೆ ಬರುತ್ತಿರಲಿಲ್ಲ. ಹುಣ್ಣು ಮಾಯ್ದ ಕೆಲವೇ ತಿಂಗಳಲ್ಲಿ ಅವನಿಗೆ ಜೊತೆಯಲ್ಲಿ ಓದುವ ಒಬ್ಬಳ ಸ್ನೇಹವಾಗಿತ್ತು. ಇಬ್ಬರೂ ಮದುವೆಯಾಗುವ ವಿಚಾರದಲ್ಲಿದ್ದರು. ಅವಳೂ ಪರೀಕ್ಷೆ ಮಾಡಿಸಿಕೊಳ್ಳಲೇಬೇಕೆಂದು ವೈದ್ಯರು ಹೇಳಿದಾಗ ಅವನು ಅತ್ತುಬಿಟ್ಟ. ಆದರೂ ಹೇಳಿದ, ಅದು ಅವನ ದೊಡ್ಡತನ. ಅವಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋದವಳು ನನ್ನ ಹೆಂಡತಿ. ಅವಳಿಗೂ ಸೋಂಕಿತ್ತು; ಒಂದು ಚಿಹ್ನೆಯೂ ಕಂಡಿರಲಿಲ್ಲ. ಹೀಗೆಯೇ ಬಸುರಾಗಿದ್ದರೆ ಮಗುವಿಗೂ ತಗಲುವ, ಗರ್ಭದಲ್ಲಿಯೇ ಮಗು ತೀರಿಹೋಗುವ ಅಪಾಯವಿತ್ತು. ಅವಳಿಗೂ ಚಿಕಿತ್ಸೆಯಾಯಿತು, ಪೂರ್ಣ ಗುಣವಾಯಿತು. ಆದರೆ ಅವರ ಮದುವೆಯಾಗಲಿಲ್ಲ. ರೋಗ ವಾಸಿಯಾಯಿತು, ನಂಬಿಕೆ ವಾಸಿಯಾಗಲಿಲ್ಲ. ನಾನು ಆ ಭಾನುವಾರ ಪತ್ರಿಕೆ ಮಡಿಚಿಟ್ಟು "ಏನಾಗಿದೆ ಹೇಳಪಾ" ಎಂದಿದ್ದರೆ ಆ ಹುಡುಗಿಗೆ ಸೋಂಕು ತಗಲುತ್ತಲೇ ಇರಲಿಲ್ಲ. ಈ ಖರ್ಚು ನನ್ನ ಖಾತೆಯದು.

ಆಸ್ಪತ್ರೆಯಿಂದ ಬರುವಾಗ ಒಮ್ಮೆ ಕೇಳಿದೆ: "ಅವತ್ತು ನನ್ನ ಮುಂದ ಸ್ಪಷ್ಟ ಹೇಳಬಾರದಿತ್ತೇನು?" ಅವನು ಹೇಳಿದ ಉತ್ತರವನ್ನು ನಾನು ಮರೆತಿಲ್ಲ. "ಗೆಳೆಯರ ಜೋಡಿ ಮಾತಾಡಲಿಕ್ಕೆ ತೆಲುಗಿನ ಶಬ್ದ ಇದ್ದವು ಮಾಮಾ. ಪುಸ್ತಕದಾಗ ಇಂಗ್ಲಿಷ್ ಶಬ್ದ ಇದ್ದವು. ನಿಮ್ಮ ಮುಂದ ಹೇಳಬೇಕಂದ್ರ ಕನ್ನಡದಾಗ ಬೈಗುಳ ಬಿಟ್ಟು ಬ್ಯಾರೆ ಶಬ್ದನ ನನಗ ಗೊತ್ತಿರಲಿಲ್ಲ."

ಕನ್ನಡದ ಹೆಸರಿನಲ್ಲಿ ಸೇರಿರುವ ಸಭೆ ಇದು. ಈ ಮಾತನ್ನು ದಯವಿಟ್ಟು ಆಲೋಚಿಸಿ. ನಾವು ನಮ್ಮ ಮಕ್ಕಳಿಗೆ ಕನ್ನಡದಲ್ಲಿ ಏನನ್ನು ಕಲಿಸಿದ್ದೇವೆ? ಊಟ, ಪೂಜೆ, ಹಬ್ಬ, ಬಂಧುಬಳಗ, ರಾಜ್ಯೋತ್ಸವದ ಹಾಡು. ತಮ್ಮ ದೇಹದ ಒಂದು ಭಾಗವನ್ನು ಮರ್ಯಾದೆಯಿಂದ ಹೆಸರಿಸುವ ಮಾತನ್ನು ಮಾತ್ರ ಕಲಿಸಿಲ್ಲ. ಕನ್ನಡಕ್ಕೆ ಆ ಶಕ್ತಿ ಇಲ್ಲವೆಂದಲ್ಲ. ಮುಟ್ಟು, ಬಸಿರು, ಹೆರಿಗೆ, ಬಾಣಂತನಗಳ ಬಗ್ಗೆ ನಮ್ಮ ಅಜ್ಜಿಯರು ಅಂಗಳದಲ್ಲಿ ಕುಳಿತು ನಿಸ್ಸಂಕೋಚವಾಗಿ ಮಾತನಾಡುತ್ತಿದ್ದರು. ನಮ್ಮ ವಚನಕಾರರು ದೇಹವನ್ನು ಕಂಡು ನಾಚಿದವರಲ್ಲ. ಇತ್ತೀಚಿನವರನ್ನೇ ನೋಡುವುದಾದರೆ, ವೈದ್ಯೆಯೂ ಕಾದಂಬರಿಗಾರ್ತಿಯೂ ಆಗಿದ್ದ ಡಾ. ಅನುಪಮಾ ನಿರಂಜನ ಅವರು 'ದಾಂಪತ್ಯ ದೀಪಿಕೆ', 'ಕೇಳು ಕಿಶೋರಿ'ಯಂತಹ ಪುಸ್ತಕಗಳನ್ನು ಬರೆದರು. ಗೌರವದಿಂದ ಹೇಳಬಲ್ಲ ಕನ್ನಡ ಇದೆ ಎಂಬುದಕ್ಕೆ ಅವು ಸಾಕ್ಷಿ. ನಮ್ಮ ಎಷ್ಟೋ ಮನೆಗಳಲ್ಲಿ ಆ ಪುಸ್ತಕಗಳು ಬೀರುವಿನ ಒಳಗೆ, ಸೀರೆಗಳ ಅಡಿಯಲ್ಲಿ ಇದ್ದವು. ಭಾಷೆ ಬಡವಾಗಿರಲಿಲ್ಲ, ನಾವೇ ಬೀಗ ಹಾಕಿದೆವು.

ಹೊರನಾಡಿನಲ್ಲಿ ಈ ಬೀಗ ಇನ್ನಷ್ಟು ಬಿಗಿ. ಊರಿನಲ್ಲಾದರೆ ಒಬ್ಬ ದೊಡ್ಡಪ್ಪನ ಮಗನೋ, ಒಬ್ಬ ಅತ್ತಿಗೆಯೋ, ಪರಿಚಯದ ಕಾಂಪೌಂಡರನೋ ಇರುತ್ತಾನೆ. ಇಲ್ಲಿ ತಂದೆತಾಯಿ ಬಿಟ್ಟರೆ ಮಗುವಿಗೆ ಕನ್ನಡ ಮಾತನಾಡುವ ಹಿರಿಯರೇ ಇಲ್ಲ. ತಂದೆತಾಯಿಗಳಿಗಂತೂ ಎರಡು ಭಯ: ಮಗು ಕೆಡುತ್ತದೆಂಬ ಭಯ ಒಂದು, "ಪರ ಊರಿಗೆ ಹೋಗಿ ಮಕ್ಕಳನ್ನು ಕೆಡಿಸಿದರು" ಎಂದು ಊರವರು ಆಡಿಕೊಳ್ಳುತ್ತಾರೆಂಬ ಭಯ ಇನ್ನೊಂದು. ಹೀಗಾಗಿ ಮನೆಮಾತು ಒಳ್ಳೆಯ ಸುದ್ದಿಗೆ ಮಾತ್ರ ಮೀಸಲಾದ ಮಾತಾಗಿಬಿಟ್ಟಿದೆ. ಕೆಟ್ಟ ಸುದ್ದಿ ಹೇಳಲಾಗದ ಭಾಷೆಯನ್ನು ಮಕ್ಕಳು ಎಷ್ಟು ದಿನ ತಮ್ಮದೆಂದುಕೊಂಡಾರು?

ಈಗ ತರುಣರಿಗೆ ಕೆಲವು ಖಚಿತ ಸಂಗತಿಗಳನ್ನು ಹೇಳಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ, ಗುಣಪಡಿಸಬಲ್ಲ ನಾಲ್ಕು ಲೈಂಗಿಕ ಸೋಂಕುಗಳು, ಅಂದರೆ ಸಿಫಿಲಿಸ್, ಗೊನೊರಿಯಾ, ಕ್ಲಮೈಡಿಯಾ, ಟ್ರೈಕೊಮೋನಿಯಾಸಿಸ್, 2020ರ ಒಂದೇ ವರ್ಷದಲ್ಲಿ ಜಗತ್ತಿನಾದ್ಯಂತ 37 ಕೋಟಿಗೂ ಹೆಚ್ಚು ಸಲ ಹೊಸದಾಗಿ ತಗಲಿದವು. ದಿನಕ್ಕೆ ಹತ್ತು ಲಕ್ಷಕ್ಕೂ ಹೆಚ್ಚು! ಇವುಗಳಲ್ಲಿ ಬಹುಪಾಲಿಗೆ ಚಿಹ್ನೆಯೇ ಇರುವುದಿಲ್ಲ. ಕ್ಲಮೈಡಿಯಾ ತಗಲಿದ ಹೆಚ್ಚಿನ ಹೆಣ್ಣುಮಕ್ಕಳಿಗೆ ಏನೂ ಗೊತ್ತಾಗುವುದಿಲ್ಲ. ಚಿಕಿತ್ಸೆಯಾಗದಿದ್ದರೆ ಅದು ಗರ್ಭನಾಳಗಳನ್ನು ಕೆಡಿಸಿ ಬಂಜೆತನ ತರಬಹುದು. ಆಗ ಊರೆಲ್ಲ ಬೆರಳು ತೋರಿಸುವುದು ಮತ್ತೆ ಅವಳ ಕಡೆಗೇ! ಗೊನೊರಿಯಾ ಹಳೆಯ ಔಷಧಗಳಿಗೆ ಒಂದೊಂದಾಗಿ ಬಗ್ಗದಂತಾಗುತ್ತಿದೆ. ಆದ್ದರಿಂದ ಔಷಧದಂಗಡಿಯಲ್ಲಿ ಗುಟ್ಟಾಗಿ ಎರಡು ಗುಳಿಗೆ ಕೊಂಡು ನುಂಗುವುದು ಬಹಳ ಅಪಾಯದ ಕೆಲಸ.

ವೈರಸ್ಸಿನಿಂದ ಬರುವ ಸೋಂಕುಗಳಲ್ಲಿ ಎರಡಕ್ಕೆ ಲಸಿಕೆ ಇದೆ. ಒಂದು ಹೆಪಟೈಟಿಸ್ ಬಿ. ಇದರ ಮೊದಲ ದೇಶೀಯ ಮರುಸಂಯೋಜಿತ ಲಸಿಕೆ ತಯಾರಾದದ್ದು ಇದೇ ಹೈದರಾಬಾದಿನಲ್ಲಿ: ಕೆ.ಐ. ವರಪ್ರಸಾದ ರೆಡ್ಡಿಯವರು ಸ್ಥಾಪಿಸಿದ ಶಾಂತಾ ಬಯೋಟೆಕ್ನಿಕ್ಸ್ 1997ರಲ್ಲಿ ಅದನ್ನು ಹೊರತಂದಿತು, ವಿದೇಶಿ ಲಸಿಕೆಯ ಬೆಲೆಯ ಸಣ್ಣ ಪಾಲಿಗೆ. ದೇಶದಾದ್ಯಂತ ಮಕ್ಕಳ ಲಸಿಕಾ ಕಾರ್ಯಕ್ರಮಕ್ಕೆ ಅದು ಸೇರಿದ್ದು 2011ರಲ್ಲಿ. ಅದಕ್ಕೂ ಮುಂಚೆ ಹುಟ್ಟಿದವರು ತಮಗೆ ಹಾಕಿಸಿದ್ದಾರೆಯೇ ಎಂದು ವಿಚಾರಿಸಿಕೊಳ್ಳುವುದು ಒಳಿತು. ಇನ್ನೊಂದು ಎಚ್.ಪಿ.ವಿ. ಗರ್ಭಕೊರಳಿನ ಕ್ಯಾನ್ಸರಿಗೆ ಹೆಚ್ಚುಕಡಿಮೆ ಎಲ್ಲ ಪ್ರಕರಣಗಳಲ್ಲಿಯೂ ಇದೇ ಮೂಲ. ಇದರ ಲಸಿಕೆಯನ್ನು 9ರಿಂದ 14ರ ವಯಸ್ಸಿನಲ್ಲಿಯೇ, ಯಾವ ಲೈಂಗಿಕ ಸಂಪರ್ಕವೂ ಆಗುವ ಮುಂಚೆಯೇ, ಹಾಕಿಸುವುದು ಉತ್ತಮ. ಈ ವಯಸ್ಸಿನ ಹುಡುಗಿಗೆ 'ಅಂಥ' ಲಸಿಕೆ ಏಕೆಂದು ಕೇಳುವ ತಾಯಂದಿರಿಗೆ ನನ್ನ ಪ್ರಶ್ನೆ ಇಷ್ಟೇ: ಇದು ಶೀಲದ ಪ್ರಶ್ನೆಯೋ, ಕ್ಯಾನ್ಸರಿನ ಪ್ರಶ್ನೆಯೋ?

ಎಚ್.ಐ.ವಿ. ಬಗ್ಗೆ ಹೇಳುವುದಾದರೆ, ನಾನು ಎಂ.ಎ. ಓದುವ ಕಾಲಕ್ಕೆ ಅದರ ಭಿತ್ತಿಪತ್ರಗಳಲ್ಲಿ ತಲೆಬುರುಡೆಯ ಚಿತ್ರವಿರುತ್ತಿತ್ತು. ಇಂದು ಆ ಚಿತ್ರ ಸುಳ್ಳು. 2004ರ ಏಪ್ರಿಲ್ 1ರಿಂದ ಸರ್ಕಾರ ಔಷಧವನ್ನು ಉಚಿತವಾಗಿ ಕೊಡಲು ಆರಂಭಿಸಿತು. ಜಗತ್ತಿಗೆ ಆ ಔಷಧ ಒದಗಿಸುವ ದೊಡ್ಡ ಕಾರ್ಖಾನೆಗಳಲ್ಲಿ ಕೆಲವು ನಮ್ಮ ನಗರದವೇ. ಔಷಧವನ್ನು ತಪ್ಪದೆ ತೆಗೆದುಕೊಂಡು ರಕ್ತದಲ್ಲಿ ವೈರಸ್ ಪತ್ತೆಯಾಗದ ಮಟ್ಟಕ್ಕೆ ಇಳಿದು ಅಲ್ಲಿಯೇ ಉಳಿದವರಿಂದ ಲೈಂಗಿಕ ಸಂಪರ್ಕದಲ್ಲಿ ಅದು ಹರಡುವುದಿಲ್ಲ. ಅಪಾಯವಾಗಿರಬಹುದೆಂಬ ಶಂಕೆಯಿದ್ದರೆ 72 ಗಂಟೆಗಳೊಳಗೆ ಆಸ್ಪತ್ರೆಗೆ ಹೋದಲ್ಲಿ ತಡೆಯುವ ಔಷಧವೂ ಇದೆ. ಆದರೂ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಈ ಸೋಂಕಿನ ಬಗ್ಗೆ ಸಮಗ್ರ ತಿಳಿವಳಿಕೆ ಇದ್ದವರು ನೂರಕ್ಕೆ ಸುಮಾರು 22 ಮಹಿಳೆಯರು, 31 ಪುರುಷರು ಮಾತ್ರ.

ಈ ಅಜ್ಞಾನಕ್ಕೆ ಮನೆಯಷ್ಟೇ ಅಲ್ಲ, ಆಳುವವರೂ ಹೊಣೆ. ಬ್ರಿಟಿಷರು 1868ರಲ್ಲಿ ತಂದ ಸಾಂಕ್ರಾಮಿಕ ರೋಗಗಳ ಕಾಯ್ದೆಯಡಿ ಹೆಂಗಸರನ್ನು ಹಿಡಿದು ಬಲವಂತವಾಗಿ ಪರೀಕ್ಷಿಸುತ್ತಿದ್ದರು, 'ಲಾಕ್ ಆಸ್ಪತ್ರೆ'ಗಳಲ್ಲಿ ಕೂಡಿಹಾಕುತ್ತಿದ್ದರು. ಅವರಲ್ಲಿಗೆ ಹೋಗುವ ಸಿಪಾಯಿಗೆ ಆ ಕಾಯ್ದೆ ಅನ್ವಯಿಸುತ್ತಿರಲಿಲ್ಲ. 1888ರಲ್ಲಿ ಕಾಯ್ದೆ ರದ್ದಾಯಿತು, ಅದರ ಮನೋಭಾವ ರದ್ದಾಗಲಿಲ್ಲ. ಸ್ವತಂತ್ರ ಭಾರತದಲ್ಲಿ ಶಾಲೆಗಳಲ್ಲಿ ಹದಿಹರೆಯದವರಿಗೆ ಶಿಕ್ಷಣ ಕೊಡುವ ಕಾರ್ಯಕ್ರಮ ಬಂದಾಗ, 2007ರಲ್ಲಿ ಕರ್ನಾಟಕವೂ ಸೇರಿದಂತೆ ಹಲವು ರಾಜ್ಯಗಳು ಅದನ್ನು ಸಂಸ್ಕೃತಿಯ ಹೆಸರಿನಲ್ಲಿ ತಡೆದವು. ಇಂಥ ಶಿಕ್ಷಣದಿಂದ ಮಕ್ಕಳು ದಾರಿ ತಪ್ಪುತ್ತಾರೆಂಬುದಕ್ಕೆ ಆಧಾರವಿಲ್ಲವೆಂದು ಯುನೆಸ್ಕೋ ಹಲವು ದೇಶಗಳ ಅಧ್ಯಯನಗಳನ್ನು ಪರಿಶೀಲಿಸಿ ಹೇಳಿದೆ. ಶಾಲೆಯಿಂದ ಪಾಠ ತೆಗೆದರೆ ಮಕ್ಕಳು ಕಲಿಯದೇ ಇರುತ್ತಾರೆಯೇ? ಇಂದು ಅವರ ಜೇಬಿನಲ್ಲಿರುವ ಫೋನು ಕಲಿಸುತ್ತದೆ, ನಿನ್ನೆ ಲಾಡ್ಜಿನ ಗೋಡೆ ಕಲಿಸುತ್ತಿತ್ತು.

ಇದಕ್ಕೆ ಪ್ರತಿಯಾಗಿ ಹೆಮ್ಮೆಪಡಬೇಕಾದ ಒಂದು ಕನ್ನಡದ ಉದಾಹರಣೆಯೂ ಇದೆ. ಮೈಸೂರಿನಲ್ಲಿ ಲೈಂಗಿಕ ವೃತ್ತಿಯವರೇ ಕಟ್ಟಿಕೊಂಡ 'ಆಶೋದಯ ಸಮಿತಿ' ಎಂಬ ಸಂಸ್ಥೆ ಎರಡು ದಶಕಗಳಿಂದ ತಮ್ಮವರ ಪರೀಕ್ಷೆ, ಚಿಕಿತ್ಸೆ, ನಿರೋಧ್ ಬಳಕೆಗಾಗಿ ದುಡಿಯುತ್ತಿದೆ. ಒಂದು ಕಾಲಕ್ಕೆ ದೇಶದಲ್ಲಿ ಎಚ್.ಐ.ವಿ. ಹೆಚ್ಚಾಗಿದ್ದ ಆರು ರಾಜ್ಯಗಳಲ್ಲಿ ಕರ್ನಾಟಕವೂ ಆಂಧ್ರವೂ ಸೇರಿದ್ದವು. ಸೋಂಕು ಇಳಿಮುಖವಾದುದರಲ್ಲಿ ಇಂಥವರ ದುಡಿಮೆಯ ಪಾಲು ದೊಡ್ಡದು. ನಾವು ಯಾರನ್ನು ರೋಗದ ಮೂಲವೆಂದು ದೂಷಿಸಿದೆವೋ ಅವರೇ ಮೊದಲು ಬಾಯಿಬಿಟ್ಟು ಮಾತನಾಡಿದರು. ಮರ್ಯಾದಸ್ಥರೆನಿಸಿಕೊಂಡ ನಾವು ಆಮಂತ್ರಣ ಪತ್ರಿಕೆಯಲ್ಲಿ ವಿಷಯ ಬದಲಿಸಿದೆವು.

ಈ ನಗರಕ್ಕೇ ಸೇರಿದ ಒಂದು ಪಾಠವನ್ನು ನೆನೆಯೋಣ. 1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ ರೊನಾಲ್ಡ್ ರಾಸ್ ಸೊಳ್ಳೆಯ ಜಠರದಲ್ಲಿ ಮಲೇರಿಯಾದ ಪರೋಪಜೀವಿಯನ್ನು ಕಂಡರು. ಬಹುಕಾಲ ಜನರಿಗೆ ಮಲೇರಿಯಾ ಎಂದರೆ ಕೆಟ್ಟ ಗಾಳಿ. ಆ ಇಟಾಲಿಯನ್ ಪದದ ಅರ್ಥವೇ ಅದು. ಹರಡುವ ದಾರಿ ಗೊತ್ತಾದ ಮೇಲೆ ಗಾಳಿಯ ಮೇಲಿನ ಆಪಾದನೆ ಹೋಯಿತು, ಸೊಳ್ಳೆಪರದೆಯಂತಹ ಸರಳ ಕ್ರಮಗಳಿಗೆ ಅರ್ಥ ಬಂತು. ರಾಸ್ ಹೆಸರಿನ ನಲ್ಲಕುಂಟದ ಜ್ವರದ ಆಸ್ಪತ್ರೆಯನ್ನು ಹಳೆಯ ಜನ ಇಂದಿಗೂ 'ಕೋರಂಟಿ ದವಾಖಾನೆ' ಎನ್ನುತ್ತಾರೆ. ಕ್ವಾರಂಟೈನ್ ಶಬ್ದದ ನೆನಪು ಅದು. ಜನರನ್ನು ದೂರವಿಡುವುದಕ್ಕಿಂತ ಕಾರಣವನ್ನು ತಿಳಿಯುವುದು ದೊಡ್ಡ ಔಷಧವೆಂದು ಕಲಿಸಿದ ಊರಿನಲ್ಲಿ ನಾವು ಕುಳಿತಿದ್ದೇವೆ. ಈ ರೋಗಗಳ ವಿಷಯದಲ್ಲಿ ಮಾತ್ರ ಇನ್ನೂ 'ಕೆಟ್ಟ ಗಾಳಿ'ಯನ್ನೇ ಬೈಯುತ್ತಿದ್ದೇವೆ.

ಇನ್ನು ಕೆಲಸದ ಮಾತು. ತರುಣರೇ, ಸಂಯಮ ನಿಮ್ಮ ಆಯ್ಕೆ, ಅದರ ಮಹತ್ವವನ್ನು ನಾನು ಕಡಿಮೆ ಮಾಡುವುದಿಲ್ಲ. ನಿರೋಧ್ ಬಳಸುವುದು ವಿವೇಕ. ಅದು ಎಲ್ಲ ಸೋಂಕನ್ನೂ ಪೂರ್ಣ ತಡೆಯದಿದ್ದರೂ ಬಹುಪಾಲು ಅಪಾಯವನ್ನು ತಗ್ಗಿಸುತ್ತದೆ. ಹುಣ್ಣು, ಸ್ರಾವ, ಉರಿಮೂತ್ರ, ಕಿಬ್ಬೊಟ್ಟೆಯ ನೋವು, ತೊಡೆಸಂದಿಯ ಗಂಟು, ಇವುಗಳಲ್ಲಿ ಯಾವುದು ಕಂಡರೂ, ತಾನೇ ಮಾಯವಾದರೂ, ಆಸ್ಪತ್ರೆಗೆ ಹೋಗಿ. ದೊಡ್ಡ ಸರ್ಕಾರಿ ಆಸ್ಪತ್ರೆಗಳಲ್ಲಿ 'ಸುರಕ್ಷಾ ಕ್ಲಿನಿಕ್'ಗಳಿವೆ. ಅಲ್ಲಿ ಲಕ್ಷಣಕ್ಕೆ ತಕ್ಕಂತೆ ಬೂದು, ಹಸಿರು, ಬಿಳಿ, ನೀಲಿ, ಕೆಂಪು, ಹಳದಿ, ಕಪ್ಪು ಎಂದು ಏಳು ಬಣ್ಣದ ಪೆಟ್ಟಿಗೆಗಳಲ್ಲಿ ಔಷಧವನ್ನು ಉಚಿತವಾಗಿ ಕೊಡುವ ವ್ಯವಸ್ಥೆಯನ್ನು ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆ ರೂಪಿಸಿದೆ. 1097 ಎಂಬ ಸಂಖ್ಯೆಗೆ ಕರೆ ಮಾಡಿದರೆ ಉಚಿತ ಸಲಹೆ ಸಿಗುತ್ತದೆ. 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿರುವ ಎಚ್.ಐ.ವಿ. ಕಾಯ್ದೆಯ ಪ್ರಕಾರ ನಿಮ್ಮ ಒಪ್ಪಿಗೆಯಿಲ್ಲದೆ ಪರೀಕ್ಷೆ ಮಾಡುವಂತಿಲ್ಲ. ಸೋಂಕಿನ ಕಾರಣಕ್ಕೆ ಕೆಲಸದಿಂದ, ಕಾಲೇಜಿನಿಂದ, ಬಾಡಿಗೆ ಮನೆಯಿಂದ ಹೊರಹಾಕುವಂತಿಲ್ಲ. ಕೊನೆಯದಾಗಿ, ಜೊತೆಗಾರರಿಗೆ ಹೇಳಿ. ಅದು ಕಷ್ಟದ ಮಾತು. ನಮ್ಮ ಹುಡುಗ ಅದನ್ನು ಹೇಳಿದ, ನೀವೂ ಹೇಳಬಲ್ಲಿರಿ.

ಸಂಘದ ಹಿರಿಯರಿಗೆ ಮೂರು ವಿನಂತಿಗಳಿವೆ. ವರ್ಷಕ್ಕೊಮ್ಮೆ ಕನ್ನಡ ಬಲ್ಲ ಒಬ್ಬ ವೈದ್ಯರನ್ನೂ ಒಬ್ಬ ವೈದ್ಯೆಯನ್ನೂ ಕರೆಸಿ, ತರುಣ ತರುಣಿಯರು ಹೆಸರಿಲ್ಲದ ಚೀಟಿಯಲ್ಲಿ ಪ್ರಶ್ನೆ ಬರೆದು ಕೇಳುವ ಅವಕಾಶ ಮಾಡಿಕೊಡಿ. ನಮ್ಮ ತ್ರೈಮಾಸಿಕದಲ್ಲಿ ದೇಹ ಮತ್ತು ಆರೋಗ್ಯಕ್ಕೆ ಸಂಬಂಧಿಸಿದ ಮರ್ಯಾದೆಯ ಕನ್ನಡ ಪದಗಳ ಒಂದು ಪುಟವನ್ನು ಆರಂಭಿಸಿ. ಮಕ್ಕಳಿಗೆ ಬೈಗುಳವಲ್ಲದ ಶಬ್ದ ಸಿಗಲಿ. ಊರಿನಿಂದ ಓದಲೆಂದು, ದುಡಿಯಲೆಂದು ಬಂದು ಹಾಸ್ಟೆಲ್ಲುಗಳಲ್ಲಿರುವ ನಮ್ಮ ಹುಡುಗ ಹುಡುಗಿಯರಿಗೆ, ಯಾವ ಹೊತ್ತಿನಲ್ಲಿಯೂ ಫೋನು ಮಾಡಬಹುದಾದ ಇಬ್ಬರು ಹಿರಿಯರನ್ನು, ಒಬ್ಬ ಮಹಿಳೆ ಮತ್ತು ಒಬ್ಬ ಪುರುಷರನ್ನು, ಗೊತ್ತುಮಾಡಿ. ಅವರಿಗೆ ಒಂದೇ ಅರ್ಹತೆ ಸಾಕು: ಮಾತನ್ನು ನಡುವೆ ಕತ್ತರಿಸಬಾರದು. ಪುರುಷರ ಪೈಕಿ ನನ್ನ ಹೆಸರನ್ನು ಇಂದೇ ಬರೆದುಕೊಳ್ಳಬಹುದು.

ಆ ಹುಡುಗ ಈಗ ಸಂಸಾರಸ್ಥ. ಮದುವೆಗೆ ಮುಂಚೆ ವಧುವಿನ ಎದುರು ಎಲ್ಲವನ್ನೂ ಹೇಳಿದ, ಇಬ್ಬರೂ ಪರೀಕ್ಷೆ ಮಾಡಿಸಿಕೊಂಡರು. ಈಗಲೂ ಕೆಲವು ಭಾನುವಾರ ಊಟಕ್ಕೆ ಬರುತ್ತಾನೆ. ಅವನು ಬಂದರೆ ನಾನು ಪತ್ರಿಕೆಯನ್ನು ಮಡಿಚಿಡುತ್ತೇನೆ. ಮುಂದಿನ ವರ್ಷ ಈ ವಿಷಯವಾಗಿ ಸಭೆ ನಡೆದಲ್ಲಿ ಆಮಂತ್ರಣ ಪತ್ರಿಕೆಯಲ್ಲಿ ವಿಷಯದ ಹೆಸರನ್ನು ಇದ್ದಂತೆಯೇ ಅಚ್ಚು ಹಾಕಿಸಬೇಕೆಂದು ಕಾರ್ಯದರ್ಶಿಗಳನ್ನು ಪ್ರಾರ್ಥಿಸಿ, ನನ್ನ ಮಾತು ಮುಗಿಸುತ್ತೇನೆ.